‘ಮಾಹಿತಿ ಸಿಗಲಿಲ್ಲ’ ಎಂದಲ್ಲಿಂದ ಇವರ ಕೆಲಸ ಶುರು

ಕೊರಿಯಾದ ಬೂಸಾನ್ ಬಂದರಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಸಾಗರ ಮಾಹಿತಿ ಕೇಂದ್ರದ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಬಾಂಗ್ ಇನ್-ಸುಕ್ ಬಾರ್ಲಿ ಚಹಾದ ಲೋಟ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕಂಪ್ಯೂಟರಿನ ಪರದೆ ಓದುತ್ತಿದ್ದಾರೆ. ನಿನ್ನೆ ದೇಶದ ವಿಜ್ಞಾನಿಗಳು ಕೇಂದ್ರದ ಹುಡುಕುಯಂತ್ರಕ್ಕೆ ಕೇಳಿ, ‘ಮಾಹಿತಿ ಸಿಗಲಿಲ್ಲ’ ಎಂಬ ಉತ್ತರ ಪಡೆದು ಬರಿಗೈಲಿ ಮರಳಿದ ಪ್ರಶ್ನೆಗಳೆಲ್ಲ ಆ ಪರದೆಯ ಮೇಲಿವೆ. ದಿನಕ್ಕೆ ಇನ್ನೂರರ ಮೇಲೆ.

“ಕೆಲವು ಕಾಗುಣಿತದ ತಪ್ಪು, ಕೆಲವು ತಲೆಹರಟೆ. ಇಲ್ನೋಡಿ, ಒಬ್ಬ ಪುಣ್ಯಾತ್ಮ ಕ್ಯಾಂಟೀನಲ್ಲಿ ಇವತ್ತು ಏನು ಸಾರು ಅಂತ ಕೇಳಿದ್ದಾನೆ,” ಎಂದು ನಗುತ್ತಾರೆ.

ಈ ಯಂತ್ರ ಹೊಸದು. ಪದಕ್ಕೆ ಪದ ಹೊಂದಿಸುವ ಕಾಲ ಮುಗಿಯಿತು, ಇದು ಅರ್ಥ ತಿಳಿದು ಹುಡುಕುತ್ತದೆ ಎಂದು ಉದ್ಘಾಟನೆಯ ದಿನ ಭಾಷಣ ಬಿಗಿದವರನ್ನು ನಾನೂ ಕೇಳಿದ್ದೇನೆ. ಲಕ್ಷಗಟ್ಟಲೆ ಸಂಶೋಧನಾ ವರದಿಗಳನ್ನು ಅದು ಕ್ಷಣದಲ್ಲಿ ಜಾಲಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಅರ್ಥ ತಪ್ಪಿದಾಗ ತಪ್ಪಿತೆಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಗೊತ್ತು ಮಾಡಿಸುವುದು ಇನ್-ಸುಕ್ ಅವರ ಕೆಲಸ.

ಐವತ್ನಾಲ್ಕರ ಇನ್-ಸುಕ್ ಹುಟ್ಟಿದ್ದು ಸಮುದ್ರವೇ ಕಾಣದ ಬೆಟ್ಟದೂರಿನಲ್ಲಿ. ಮೀನುಗಾರಿಕೆಯ ಹಳೆಯ ವರದಿಗಳನ್ನು ಕಂಪ್ಯೂಟರಿಗೆ ಏರಿಸುವ ಬೆರಳಚ್ಚುಗಾರ್ತಿಯಾಗಿ ಇಲ್ಲಿಗೆ ಬಂದರು. ಯಂತ್ರವೇ ಪುಟ ಓದತೊಡಗಿದಾಗ ಜೊತೆಯವರೆಲ್ಲ ಮನೆಗೆ ಹೋದರು. ತಪ್ಪು ತಿದ್ದಲು ಯಾರಾದರೂ ಬೇಕಲ್ಲ ಎಂದು ಇವರೊಬ್ಬರನ್ನು ಉಳಿಸಿಕೊಂಡರು, ಅದೂ ವರ್ಷ ವರ್ಷದ ಕರಾರಿನ ಮೇಲೆ. ಕುತ್ತಿಗೆ ನೋವು ಬಿಟ್ಟಿಲ್ಲ, ಎಡಗಣ್ಣು ಮಂಜು. ಕಚೇರಿಯ ಗೋಡೆಯ ಮೇಲೆ ಎಲ್ಲರ ಹುದ್ದೆ ಬರೆದಿದೆ. ಇವರ ಹೆಸರಿನ ಮುಂದೆ ‘ಇತರೆ’. ನನಗೆ ಸಿಟ್ಟು ಬರುತ್ತದೆ, ಇವರಿಗೆ ಬರುವುದಿಲ್ಲ. “ಬಿಡಿ, ಇತರೆ ಆಗಿರೋದೇ ಒಳ್ಳೇದು. ಇದು ನಿನ್ನ ಕೆಲಸ ಅಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ,” ಎನ್ನುತ್ತಾರೆ.

ಹೋದ ಚಳಿಗಾಲದ ಒಂದು ಬೆಳಗ್ಗೆ ಆ ಬರಿಗೈ ಪ್ರಶ್ನೆಗಳಲ್ಲಿ ಒಂದೇ ಪ್ರಶ್ನೆ ತಿರುತಿರುಗಿ ಬಂದಿತ್ತು. ಎಲ್ಲವೂ ಪೂರ್ವ ಕರಾವಳಿಯ ಗೋಸಂಗ್ ಮೀನುಮರಿ ಕೇಂದ್ರದ ಒಬ್ಬರೇ ಕೇಳಿದ್ದು. ಮ್ಯಂಗ್ತೆ ಮೀನಿನ ಮರಿ ಬೆರಳುದ್ದ ದಾಟಿದ ಮೇಲೆ ಯಾಕೆ ಸಾಯುತ್ತದೆ? ಆ ವಯಸ್ಸಿಗೆ ಎಂಥ ನೀರು ಬೇಕು? ಕೊನೆಯ ಸಾಲಿನಲ್ಲಿ ಪ್ರಶ್ನೆಯೇ ಇರಲಿಲ್ಲ. ‘ದಯವಿಟ್ಟು’ ಎಂದಷ್ಟೇ ಇತ್ತು.

“ಯಂತ್ರಕ್ಕೆ ಯಾರಾದ್ರೂ ದಯವಿಟ್ಟು ಅಂತಾರಾ? ಫೋನ್ ಮಾಡೇ ಬಿಟ್ಟೆ.”

“ಯಾರು? ಯಂತ್ರದವರಾ?” ಎಂದಿತಂತೆ ಆಚೆಯ ದನಿ.

“ಯಂತ್ರದ ಪಕ್ಕದ ಕುರ್ಚಿಯವಳು. ಏನಾಗಿದೆ ಹೇಳಪ್ಪಾ.”

ಆತ ಸಂಶೋಧಕ ಚೂ ಸಾಂಗ್-ಹಾ. ನಮ್ಮ ಮನೆಮನೆಯ ಸಾರಿನಲ್ಲಿ ಕುದಿಯುತ್ತಿದ್ದ ಮ್ಯಂಗ್ತೆ ನಮ್ಮ ಸಮುದ್ರದಿಂದ ಮಾಯವಾಗಿ ಎಷ್ಟೋ ಕಾಲವಾಯಿತು; ಈಗ ತಿನ್ನುವುದೆಲ್ಲ ರಷ್ಯದ ಕಡೆಯದು. ಸಾಂಗ್-ಹಾ ವರ್ಷಗಟ್ಟಲೆ ಕಾದು, ಬಲೆಗೆ ಸಿಕ್ಕಿದ ಒಂದು ತಾಯಿಮೀನಿನಿಂದ ಮರಿ ಮಾಡಿಸಿದ್ದ. ತಾಯಿ ಸತ್ತಿತ್ತು. ಮರಿಗಳೂ ದಿನವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. “ಇವೂ ಹೋದ್ರೆ ಇನ್ನೊಂದು ತಾಯಿನ ಎಲ್ಲಿಂದ ತರ್ಲಿ, ಅಕ್ಕಾ?” ಎಂದು ಅತ್ತೇಬಿಟ್ಟನಂತೆ.

ಇನ್-ಸುಕ್ ಯಂತ್ರವನ್ನು ಬಗೆಬಗೆಯಾಗಿ ಕೆದಕಿದರು. ಏನೂ ಸಿಗಲಿಲ್ಲ. ಮಾರನೆಯ ಸಂಜೆ, ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ತಾಕ್ ಯೂ-ನಾ ಇವರನ್ನು ಬಿಯರ್ ಅಂಗಡಿಗೆ ಎಳೆದೊಯ್ದಳು. ಮೇಜಿನ ಮೇಲೆ ಬಿಯರ್ ಜೊತೆಗೆ ಎಂದಿನಂತೆ ಸುಟ್ಟ ನೊಗಾರಿ ಬಂತು, ಒಣಗಿಸಿದ ಸಣ್ಣ ಮೀನು. ಇನ್-ಸುಕ್ ಅಲ್ಲೂ ಮರಿಗಳ ಮಾತೇ ತೆಗೆದರು.

“ಸಾಕು ಅಕ್ಕಾ, ನೊಗಾರಿ ಸುಲೀಬೇಡ, ತಿನ್ನು!” ಎಂದಳು ಯೂ-ನಾ. ನಮ್ಮಲ್ಲಿ ನೊಗಾರಿ ಸುಲಿಯುವುದೆಂದರೆ ಹರಟೆ ಹೊಡೆಯುವುದು.

ಇನ್-ಸುಕ್ ಕೈ ತಟ್ಟೆಯ ಮೇಲೇ ನಿಂತಿತು. “ಯೂ-ನಾ, ಇದು ದೊಡ್ಡದಾದ್ರೆ ಯಾವ ಮೀನೇ?”

“ಮ್ಯಂಗ್ತೆ ಅಲ್ವಾ. ಅಯ್ಯೋ ದೇವರೇ!” ಯೂ-ನಾ ಲೋಟ ಕೆಳಗಿಟ್ಟಳು.

ಹಳೆಯ ಕಾಲದವರು ನೊಗಾರಿಯನ್ನು ಬೇರೆಯದೇ ಮೀನೆಂದುಕೊಂಡಿದ್ದರು. ಹಳೆಯ ದೋಣಿಗಳ ವರದಿಗಳಲ್ಲೂ ಮರಿಗಳಿಗೆ ಆ ಹೆಸರೇ ಇದೆ. ನಮ್ಮ ದಿನದ ಮಾತಿನಿಂದ ಅರ್ಥ ಕಲಿತ ಯಂತ್ರವೋ, ನೊಗಾರಿಯನ್ನು ಬಿಯರ್, ಹರಟೆಗಳ ಪಕ್ಕಕ್ಕೆ ಸರಿಸಿ, ಆ ವರದಿಗಳನ್ನೆಲ್ಲ ಕಾಡುಹರಟೆಯೆಂದು ಮೂಲೆಗೆ ಹಾಕಿತ್ತು! “ಯಂತ್ರನ ಯಾಕೆ ಬೈಯೋದು? ಮರಿಗಳನ್ನ ನಂಚಿಕೊಂಡು ತಿಂದು ಮುಗಿಸಿ, ಈಗ ಮೀನೆಲ್ಲಿ ಅಂತ ಕೇಳೋರು ನಾವು,” ಎನ್ನುವಾಗ ಇನ್-ಸುಕ್ ನಗುವುದಿಲ್ಲ.

ಬೆಳಗಾಗುತ್ತಲೇ ಇಬ್ಬರೂ ಕೂತು ನೊಗಾರಿ ಎಂದರೆ ಮ್ಯಂಗ್ತೆಯ ಮರಿ ಎಂದು ಯಂತ್ರಕ್ಕೆ ಕಲಿಸಿದರು. ಮೂಲೆ ಸೇರಿದ್ದ ವರದಿಗಳು ಒಂದೊಂದಾಗಿ ಎದ್ದು ಬಂದವು. ಮರಿ ಬೆಳೆದಂತೆಲ್ಲ ಇನ್ನೂ ತಣ್ಣನೆಯ ಆಳಕ್ಕೆ ಇಳಿಯುತ್ತದೆ ಎಂದು ದೋಣಿಯವರು ಅಂದೇ ಅಳೆದು ಬರೆದಿದ್ದರು. ಇನ್-ಸುಕ್‌ಗೆ ಆ ಅಂಕಿಗಳು ಅರ್ಥವಾಗಲಿಲ್ಲ, ಎಲ್ಲವನ್ನೂ ಹಾಗೇ ಗೋಸಂಗ್‌ಗೆ ಕಳಿಸಿದರು. ಸಾಂಗ್-ಹಾ ಅಂದೇ ತೊಟ್ಟಿಯ ನೀರನ್ನು ಇನ್ನಷ್ಟು ತಣ್ಣಗೆ ಮಾಡಿದ.

ಆಮೇಲೆ ಸುದ್ದಿಯಿಲ್ಲ. “ಸಿಕ್ಕಿದವರು ನನ್ನ ಹತ್ರ ಯಾಕೆ ಬರ್ತಾರೆ? ಸಿಗದವರಷ್ಟೇ ನನ್ನ ಗಿರಾಕಿಗಳು. ದಿನಾ ಬೆಳಗ್ಗೆ ಗೋಸಂಗ್ ಅಂತ ಇದ್ಯಾ ನೋಡ್ತಿದ್ದೆ. ಫೋನ್ ಮಾಡೋಕೆ ಧೈರ್ಯ ಬರ್ಲಿಲ್ಲ. ಎಲ್ಲಾ ಸತ್ತೋಗಿದ್ರೆ?”

ಚೆರ್ರಿ ಹೂ ಉದುರುವ ಹೊತ್ತಿಗೆ ಒಂದು ಬೆಳಗ್ಗೆ, ಬರಿಗೈ ಪ್ರಶ್ನೆಗಳ ನಡುವೆ ಗೋಸಂಗ್‌ನಿಂದ ಒಂದು ಸಾಲು ಬಂತು. ‘ಇನ್-ಸುಕ್ ಅಕ್ಕಾ, ಅರ್ಧಕ್ಕರ್ಧ ಉಳಿದವು. ಇವತ್ತು ಸಮುದ್ರಕ್ಕೆ ಬಿಡ್ತಿದ್ದೀನಿ.’ ಯಂತ್ರದ ಹುಡುಕುವ ಜಾಗದಲ್ಲೇ ಅದನ್ನು ಬರೆದಿದ್ದ. ಉತ್ತರ ಸಿಗದ ಮಾತೆಲ್ಲ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತು. ಕೆಳಗೆ ಯಂತ್ರ ತನ್ನ ಪಾಡಿಗೆ ‘ಮಾಹಿತಿ ಸಿಗಲಿಲ್ಲ’ ಎಂದಿತ್ತು.

ದಿನದ ಪ್ರಶ್ನೆಗಳನ್ನು ಸಂಜೆಯೊಳಗೆ ಸರಿಪಡಿಸಿ ಅಳಿಸಬೇಕೆಂಬುದು ಕಚೇರಿಯ ನಿಯಮ. ಆ ಸಾಲು ಮಾತ್ರ ಇಂದಿಗೂ ಪರದೆಯ ನೆತ್ತಿಯ ಮೇಲಿದೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ನಮ್ಮದೇ ಸಮುದ್ರದ ಮ್ಯಂಗ್ತೆ ಸಾರು, ಒಂದು ಬಟ್ಟಲು ಸಾಕು ಎನ್ನುತ್ತಾರೆ. ಆಮೇಲೆ ಆ ಸಾಲನ್ನು ಬೆರಳಿನಿಂದ ಮುಟ್ಟಿ, ಆಗಷ್ಟೇ ಕೆಲಸಕ್ಕೆ ಬಂದು ಪಕ್ಕದ ಮೇಜಿಗೆ ಕೂತ ಯೂ-ನಾಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

“ಇದೊಂದಕ್ಕೆ ಉತ್ತರ ಯಂತ್ರಕ್ಕೆ ಕಲಿಸಲ್ಲ. ಕಲಿಸಿದ್ರೆ ಇಲ್ಲಿಂದ ಹೋಗ್ಬಿಡುತ್ತೆ.”