ಬೆರಳು ಬಿಡಿಸುವ ಮಿನ್ನಾ

ಅಮೆರಿಕದ ಬಾಲ್ಟಿಮೋರ್ ಊರಿನ ಹೈಲ್ಯಾಂಡ್‌ಟೌನ್ ಕಡೆ ಮಿನ್ನಾ ಕ್ರೆಬ್ಸ್ ಅಂದರೆ ಕೂಸುಗಳ ಬೆರಳು ಬಿಡಿಸುವವಳು ಎಂದೇ ಹೆಸರು. ಆ ಕಾಲದಲ್ಲಿ ಮಗು ಹೆಬ್ಬೆರಳು ಚೀಪಿದರೆ ಮನೆಗೆ ಬೆಂಕಿ ಬಿದ್ದಷ್ಟು ಗಾಬರಿ. ಹಲ್ಲು ಉಬ್ಬುತ್ತದೆ, ಬುದ್ಧಿ ಕೆಡುತ್ತದೆ ಎಂದು ಡಾಕ್ಟರುಗಳೇ ಹೆದರಿಸುತ್ತಿದ್ದರು. ಅಂಗಿಯ ತೋಳನ್ನು ಹಾಸಿಗೆಗೆ ಪಿನ್ನು ಚುಚ್ಚಿ ಸಿಕ್ಕಿಸುವವರು, ಬೆರಳಿಗೆ ಕಹಿ ಬಳಿಯುವವರು, ಎಲ್ಲ ಥರದವರೂ ಇದ್ದರು. ಮಿನ್ನಾಗೆ ಅದೊಂದೂ ಬೇಕಿರಲಿಲ್ಲ. ಬೆರಳು ಬಾಯಿಗೆ ಹೋಯಿತೋ, ಮೆಲ್ಲಗೆ ಎಳೆಯುವುದು. ಮತ್ತೆ ಹೋಯಿತೋ, ಮತ್ತೆ ಎಳೆಯುವುದು. ಹಠದಲ್ಲಿ ಅವಳನ್ನು ಸೋಲಿಸುವ ಕೂಸು ಇನ್ನೂ ಹುಟ್ಟಿರಲಿಲ್ಲ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಕೆಲಸ ಸಿಕ್ಕಿದ್ದೂ ಆ ಹೆಸರಿನಿಂದಲೇ. ಮದುವೆ ಆಗಲಿಲ್ಲ. ಶನಿವಾರ ಮನೆ ಮುಂದಿನ ಬಿಳಿ ಕಲ್ಲಿನ ಮೆಟ್ಟಿಲು ಉಜ್ಜುವುದು, ಭಾನುವಾರ ಚರ್ಚು, ಉಳಿದ ದಿನವೆಲ್ಲ ಕೂಸುಗಳು. ಇಷ್ಟೇ ಬದುಕು. ಇಷ್ಟರೊಳಗೇ ಆ ಪಾಪವೂ ಆಗಿಹೋಯಿತು ನೋಡಿ.

ಮೊದಲ ಮಹಾಯುದ್ಧ ಮುಗಿದ ಮರುವರ್ಷ ವಾರ್ಡಿನಲ್ಲಿ ನೆಟ್ಟಿ ಫರ್ಲಾಂಗ್ ಎಂಬ ಹುಡುಗಿ ಹಾಲೂಡುವ ಕೆಲಸಕ್ಕಿದ್ದಳು. ಕೈಹಿಡಿದವರು ಯಾರೂ ಇಲ್ಲದೆ ಹೆತ್ತವಳು. ತಾಯಿ ಸತ್ತ ಕೂಸುಗಳಿಗೆ ಎದೆಹಾಲು ಕೊಡಬೇಕು. ಅದಕ್ಕೆ ಬದಲಾಗಿ ಊಟ, ಮಂಚ, ತನ್ನ ಕೂಸನ್ನು ಜೊತೆಗಿಟ್ಟುಕೊಳ್ಳುವ ಅನುಮತಿ. ಅಂಥವರ ಕೂಸು ಆಸ್ಪತ್ರೆಯದೇ ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರು. ಎತ್ತಿಕೊಂಡು ಹೋಗುವಾಗ ತಾಯಿಯನ್ನು ಒಂದು ಮಾತು ಕೇಳುವ ಪದ್ಧತಿಯೇ ಇರಲಿಲ್ಲ. ನೆಟ್ಟಿಯ ಮಗ ಕ್ಲೆಮೆಂಟ್ ಗುಂಡುಗುಂಡಗಿದ್ದ, ಯಾವುದಕ್ಕೂ ಅಳುತ್ತಿರಲಿಲ್ಲ. ಆ ಒಳ್ಳೆಯ ಗುಣವೇ ಅವನಿಗೆ ಮುಳುವಾಯಿತು.

ಮನಶ್ಶಾಸ್ತ್ರದ ಪ್ರೊಫೆಸರ್ ಪೆಲ್ಹಾಮ್ ಅವರಿಗೆ ಮನುಷ್ಯನಲ್ಲಿ ಭಯ ಹೇಗೆ ಹುಟ್ಟುತ್ತದೆ ಎಂದು ತಿಳಿಯಬೇಕಿತ್ತು. ಅಳದ ಕೂಸೇ ಬೇಕು ಎಂದರು. ನೆಟ್ಟಿ ಬೇರೆಯವರ ಮಕ್ಕಳಿಗೆ ಹಾಲು ಕೊಡುವ ಹೊತ್ತಿಗೆ ಮಿನ್ನಾ ಅವಳ ಮಗನನ್ನು ಕೆಳಗಿನ ಕೋಣೆಗೆ ಎತ್ತಿಕೊಂಡು ಹೋಗಬೇಕು, ಹಾಸಿಗೆಯ ಮೇಲೆ ಕೂರಿಸಿಕೊಳ್ಳಬೇಕು. ಎದುರಿಗೆ ಒಂದು ಬಿಳಿ ಇಲಿ ಬಿಡುತ್ತಿದ್ದರು. ಕೂಸು ಕಿಲಕಿಲ ನಗುತ್ತ ಇಲಿಗೆ ಕೈ ಚಾಚಿದ ಕ್ಷಣಕ್ಕೆ, ಬೆನ್ನ ಹಿಂದೆ ನಿಂತ ವಿದ್ಯಾರ್ಥಿಯೊಬ್ಬ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಢಣ್ ಎಂದು ಬಾರಿಸುತ್ತಿದ್ದ. ಮೊದಲ ಸಲ ಕೂಸು ಬೆಚ್ಚಿ ಮುಖ ಮುಚ್ಚಿಕೊಂಡಿತು. ಆಮೇಲೆ ತುಟಿ ನಡುಗಿತು. ವಾರ ಕಳೆಯುವಷ್ಟರಲ್ಲಿ ಸಲಾಕೆಯ ಸದ್ದೇ ಬೇಡ, ಇಲಿ ಕಂಡರೆ ಸಾಕು, ಕಿಟಾರನೆ ಕಿರುಚಿ ತೆವಳಿಕೊಂಡು ಓಡುತ್ತಿತ್ತು. ಮುಂದೆ ಮೊಲ ಕಂಡರೂ ಅದೇ, ತುಪ್ಪಳದ ಕೋಟು ಕಂಡರೂ ಅದೇ.

ಮಿನ್ನಾ ಕೂಸನ್ನು ಮಡಿಲಿಗೆ ಎಳೆದುಕೊಂಡಳು. "ಸಾಕು ಸಾರ್, ಹಾಲು ಕುಡಿಯೋ ಕೂಸು ಅದು," ಎಂದಳು.

"ಏನೂ ಆಗಲ್ಲ ಮಿನ್ನಾ, ಗಟ್ಟಿ ಪಿಂಡ," ಎಂದರು ಪ್ರೊಫೆಸರು. "ಭಯ ಹಾಕೋದು ಕಲಿತ್ರೆ ತೆಗೆಯೋದೂ ಕಲೀತೀವಿ. ಇವನು ಇಲ್ಲಿಂದ ಹೋಗೋದ್ರೊಳಗೆ ಎಲ್ಲಾ ತೆಗೆದುಬಿಡ್ತೀವಿ, ಮಿಠಾಯಿ ಕೊಟ್ಟು."

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು, ಅಷ್ಟು ಓದಿದವರು.

ಕೂಸೇನು ಪೆದ್ದೇ? ತನ್ನ ದಾರಿ ತಾನೇ ಹುಡುಕಿಕೊಂಡಿತು. ಒಂದು ದಿನ ಇಲಿ ಬಂದ ಕೂಡಲೇ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿತು. ಬೆರಳು ಬಾಯಲ್ಲಿದ್ದಷ್ಟು ಹೊತ್ತು ಅಳುವೂ ಇಲ್ಲ, ಹೆದರಿಕೆಯೂ ಇಲ್ಲ. ಇಲಿ ಕಾಲ ಮೇಲೆ ಹತ್ತಿದರೂ ಸುಮ್ಮನೆ ನೋಡುತ್ತಿತ್ತು. ಪ್ರೊಫೆಸರರ ಕೆಲಸ ಕೆಟ್ಟಿತು.

"ಮಿನ್ನಾ, ಬೆರಳು!" ಎಂದರು.

ಅವಳ ಕೈ ತಾನೇ ಹೋಯಿತು. ಎಷ್ಟು ಕೂಸುಗಳ ಬಾಯಿಂದ ಎಳೆದ ಕೈ ಅದು! ಕೂಸು ಮತ್ತೆ ಇಟ್ಟುಕೊಂಡಿತು, ಇವಳು ಮತ್ತೆ ಎಳೆದಳು. ವಿದ್ಯಾರ್ಥಿ, "ಭೇಷ್, ಮಿಸ್ ಮಿನ್ನಾ!" ಎಂದಾಗ ಒಳಗೊಳಗೇ ಜಂಬವೂ ಆಯಿತು, ಹಾಳು ಜಂಬ. ಕೂಸು ಅವಳ ಕಡೆ ತಿರುಗಿ ನೋಡಿ, ಅವಳ ಎದೆಗೇ ಮುಖವೊತ್ತಿ ಬಿಕ್ಕಿತು. ಸಂಜೆ ಟ್ರಾಮಿನಲ್ಲಿ ಕೂತಾಗಲೇ ಅವಳಿಗೆ ಹೊಳೆದಿದ್ದು. ಕೆಟ್ಟ ಚಟ ಬಿಡಿಸಿದ್ದಲ್ಲ ತಾನು. ಆ ಕೂಸಿಗಿದ್ದ ಒಂದೇ ಒಂದು ಧೈರ್ಯವನ್ನು ಕಿತ್ತುಕೊಂಡಿದ್ದು.

ನೆಟ್ಟಿಗೆ ಹಳ್ಳಿಯ ಕಡೆ ಕೆಲಸ ಸಿಕ್ಕಿತು. ಹೊರಡುವ ದಿನ ಎಲ್ಲರಿಗೂ ಮೊದಲೇ ಗೊತ್ತಿತ್ತು, ಪ್ರೊಫೆಸರರಿಗೂ. ಮಿನ್ನಾ ಅವರ ಕೋಣೆಗೇ ಹೋಗಿ, "ಸಾರ್, ಆ ಭಯ ತೆಗೆಯೋದು?" ಎಂದು ಕೇಳಿದಳು. ಅವರು ತಲೆ ಎತ್ತಲಿಲ್ಲ. "ಟೈಮಿಲ್ಲ ಮಿನ್ನಾ. ದೊಡ್ಡವನಾದ ಹಾಗೆ ತಾನೇ ಹೋಗುತ್ತೆ."

ಹೊರಡುವ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ನೆಟ್ಟಿ ಮಗನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. "ಮಿಸ್ ಮಿನ್ನಾ, ಇತ್ತೀಚೆಗೆ ಇವನು ಬೆಚ್ಚಿಬೀಳ್ತಾನೆ. ಏನಾದ್ರೂ ಆಯ್ತಾ ಇಲ್ಲಿ?"

ಹೇಳಿದರೆ ಇವಳು ವಾರ್ಡೇ ಹಾರಿಹೋಗುವ ಹಾಗೆ ಕೂಗಾಡುತ್ತಾಳೆ. ವಾರ್ಡಿನ ಯಜಮಾನಿ ಮೇಟ್ರನ್ ತನ್ನನ್ನು ಅವತ್ತೇ ಹೊರಗೆ ಹಾಕುತ್ತಾಳೆ. ಮಿನ್ನಾ ನಕ್ಕಳು. "ಹಲ್ಲು ಬರ್ತಿದೆಯಲ್ಲ ಕಣೇ, ಅದಕ್ಕೆ," ಎಂದುಬಿಟ್ಟಳು.

ಕ್ಲೆಮೆಂಟ್ ಶಾಲೆಗೆ ಹೋಗುವ ವಯಸ್ಸಿನವನಾದ ಮೇಲೆ, ಈಸ್ಟರ್ ಹಿಂದಿನ ದಿನ, ಲೆಕ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಮಿನ್ನಾ ಹುಳಿ ಬರಿಸಿದ ಎಲೆಕೋಸು ಕೊಳ್ಳುತ್ತಿದ್ದಾಗ ಯಾರೋ ಹಿಂದಿನಿಂದ ತಬ್ಬಿಕೊಂಡರು. ನೆಟ್ಟಿ! ಮೈ ತುಂಬಿಕೊಂಡಿದ್ದಳು, ಬೆರಳಲ್ಲಿ ಮದುವೆಯ ಉಂಗುರವಿತ್ತು.

"ನೋಡಿ, ನಿಮ್ಮ ಕ್ಲೆಮ್ ಎಷ್ಟುದ್ದ ಆಗಿದಾನೆ!" ಎಂದು ತಿರುಗಿದಳು. ಪಕ್ಕದಲ್ಲಿ ಒಬ್ಬ ಹಬ್ಬಕ್ಕೆ ಮಕ್ಕಳಿಗೆ ಕೊಡಲೆಂದು ಬಿಳಿ ಮೊಲದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ. ಹುಡುಗ ಗೋಡೆಗೆ ಅಂಟಿಕೊಂಡು ನಿಂತಿದ್ದ, ಮುಖದಲ್ಲಿ ರಕ್ತವಿಲ್ಲ, ಚಡ್ಡಿ ಒದ್ದೆಯಾಗಿತ್ತು. ಸುತ್ತಲಿನವರು ನಗುತ್ತಿದ್ದರು. ನೆಟ್ಟಿ ದಡದಡನೆ ಹೋಗಿ ಅವನ ಕೆನ್ನೆಗೆ ಬಾರಿಸಿದಳು.

"ಮಾನ ತೆಗೀತಾನೆ ಮಿಸ್ ಮಿನ್ನಾ, ಹೋದಲ್ಲೆಲ್ಲ! ಬೆಕ್ಕಿಗೆ ಹೆದರ್ತಾನೆ, ನಾಯಿಮರಿಗೆ ಹೆದರ್ತಾನೆ. ನಮ್ಮೆಜಮಾನ್ರು ಧೈರ್ಯ ಬರ್ಲಿ ಅಂತ ಮೊಲದ ದೊಡ್ಡೀಲಿ ಕೂಡಿಹಾಕಿದ್ರು. ಮೂರ್ಛೆ ಹೋದ. ನಾನೂ ಹೊಡೆದೂ ಹೊಡೆದೂ ಸಾಕಾದೆ. ಯಾಕೆ ನನ್ನ ಹೊಟ್ಟೇಲಿ ಇಂಥ ಪುಕ್ಕಲ ಹುಟ್ಟಿದ್ನೋ!"

ಇನ್ನು ಸುಮ್ಮನಿದ್ದರೆ ತಾನು ಮನುಷ್ಯಳೇ ಅಲ್ಲ ಅನ್ನಿಸಿತು ಮಿನ್ನಾಗೆ. ಪಕ್ಕದ ಮೀನಿನ ಅಂಗಡಿಯ ಗಲಾಟೆಯ ನಡುವೆಯೇ ಎಲ್ಲವನ್ನೂ ಹೇಳಿದಳು. ಕೆಳಗಿನ ಕೋಣೆ, ಇಲಿ, ಸಲಾಕೆ, ಬೆರಳು. ಬೆರಳನ್ನು ಎಳೆದದ್ದು ತನ್ನ ಕೈಯೇ ಎಂದೂ ಹೇಳಿದಳು.

ನೆಟ್ಟಿ ಕೂಗಾಡಲಿಲ್ಲ. "ಹುಟ್ಟಿನಿಂದ ಬಂದಿದ್ದಲ್ವಾ ಇದು?" ಎಂದಳು, ಬಹಳ ಸಣ್ಣ ದನಿಯಲ್ಲಿ.

"ಅಲ್ಲ ಕಣಮ್ಮಾ. ನಾವು ಹಾಕಿದ್ದು."

"ಬಾಗಿಲಲ್ಲಿ ನಿಂತು ಕೇಳಿದ್ನಲ್ಲ ನಿಮ್ಮನ್ನ. ಬಾಯಿಬಿಟ್ಟು ಕೇಳಿದ್ನಲ್ಲ. ಇಷ್ಟು ವರ್ಷ ನನ್ನ ಕೈಯಲ್ಲೇ ಹೊಡೆಸಿದ್ರಲ್ಲ ಇವನನ್ನ!"

ನೆಟ್ಟಿ ಹಾಗೇ ಒದ್ದೆ ನೆಲದ ಮೇಲೆ ಮಗನ ಮುಂದೆ ಮಂಡಿಯೂರಿದಳು. "ಕ್ಲೆಮ್, ನೀನು ಪುಕ್ಕಲ ಅಲ್ಲ ಕಣೋ ಮರಿ," ಎನ್ನುತ್ತ ಅವನ ಕೆನ್ನೆ ಸವರಲು ಕೈ ಚಾಚಿದಳು.

ಕೈ ಬರುವುದನ್ನು ಕಂಡ ಹುಡುಗ ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದುಕೊಂಡ.