ಸಿಂಧುವಿನ ಹೆಸರು ಓಪನ್ ಸೈಟ್ ಪಟ್ಟಿಯಲ್ಲಿ

ಗೆಳೆಯರೇ, ಮಧುಗಿರಿಯಿಂದ ಈಗಷ್ಟೇ ಹೊಳವನಹಳ್ಳಿಗೆ ಬಂದಿಳಿದೆ. ಮೈ ಇನ್ನೂ ಉರಿಯುತ್ತಿದೆ.

ಇವತ್ತು ಅಲ್ಲಿ ಶಾಲಾ ಮಕ್ಕಳ ಏರ್ ರೈಫಲ್ ಆಯ್ಕೆ ಇತ್ತು. ಒಂಬತ್ತನೇ ತರಗತಿಯ ನನ್ನ ಮಗಳು ಸಿಂಧು ವರ್ಷವಿಡೀ ಅಭ್ಯಾಸ ಮಾಡಿದ್ದು ಪೀಪ್ ಸೈಟ್, ಅಂದರೆ ಸಣ್ಣ ತೂತಿನೊಳಗಿಂದ ಗುರಿ ನೋಡುವ ರೈಫಲ್‌ನಲ್ಲಿ. ಹೋಗಿ ನೋಡಿದರೆ ಅವಳ ಹೆಸರು ಓಪನ್ ಸೈಟ್ ಪಟ್ಟಿಯಲ್ಲಿತ್ತು. ಅದು ಬೇರೆಯೇ ಸ್ಪರ್ಧೆ, ಅದರ ರೈಫಲ್ಲೂ ಬೇರೆ. ಅರ್ಜಿ ತುಂಬಿದ್ದು ಶಾಲೆಯ ಪಿ.ಟಿ. ಮೇಷ್ಟ್ರು.

ಕೇಳಿದ್ದಕ್ಕೆ ನಕ್ಕರು. "ಎಲ್ಡೂ ಬಂದೂಕೇ ತಾನೇ ಕಣಮ್ಮ? ಯಾವ್ದ್ರಲ್ ಹೊಡುದ್ರೂ ಗುಂಡು ಮುಂದಕ್ಕೇ ಹೋಯ್ತದೆ."

"ತಿದ್ದಿಸಿ ಕೊಡಿ ಸಾರ್" ಎಂದೆ.

"ತಪ್ಪಾಯ್ತು ಅಂತ ಎಲ್ರ ಮುಂದೆ ಹೇಳ್ಕಳಕ್ಕಾಯ್ತದಾ? ಮುಂದಿನ್ ವರ್ಷ ನೋಡಾನ ಬುಡಿ."

ಸಿಂಧು ತಾನೇ ಸಂಘಟಕರ ಮೇಜಿನ ಬಳಿ ಹೋದಳು. "ನಾನು ಪೀಪ್ ಸೈಟು ಸಾರ್. ನಮ್ ಮೇಷ್ಟ್ರು ತಪ್ ಬರ್ದ್‌ಬುಟ್ಟವ್ರೆ" ಎಂದಳು. ಮೇಷ್ಟ್ರು ಸಹಿ ಹಾಕಿದರೆ ಬದಲಿಸುತ್ತೇವೆ ಎಂದರು ಅವರು. ಅಷ್ಟರಲ್ಲಿ ಮೇಷ್ಟ್ರು ಊಟಕ್ಕೆ ಹೋಗಿಬಿಟ್ಟಿದ್ದರು. ನಾನು ಹೋಟೆಲಿನಿಂದ ಹೋಟೆಲಿಗೆ ಓಡಾಡಿ, ಅವರನ್ನು ಹಿಡಿದು ಸಹಿ ಹಾಕಿಸಿಕೊಂಡು ಬರುವಷ್ಟರಲ್ಲಿ ಪೀಪ್ ಸೈಟ್ ಸ್ಪರ್ಧೆ ಮುಗಿದಿತ್ತು. ಮಗಳು ಒಂದು ಗುಂಡೂ ಹೊಡೆಯದೆ ರೈಫಲನ್ನು ಚೀಲಕ್ಕೆ ಹಾಕಿದಳು.

ಈಗ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರು ಬರೆದಿದ್ದಾರೆ: "ಸಿಂಧು ಗೈರುಹಾಜರು."

ಮೂರು ಗಂಟೆ ಕಾಲ ಅಲ್ಲೇ ನಿಂತಿದ್ದ ಹುಡುಗಿ ಇವರ ಕಣ್ಣಿಗೆ ಬೀಳಲಿಲ್ಲ. ಇವರು ನಮ್ಮ ಮಕ್ಕಳಿಗೆ ಗುರಿ ನೋಡುವುದನ್ನು ಕಲಿಸುತ್ತಾರಂತೆ!