ಕಾಗದದ ಮೇಲಿನ ಮೂರಡಿ

ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಕುವೆಂಪುನಗರದ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯೇ ನನ್ನ ಆಫೀಸು. ತೊಂಬತ್ತರ ದಶಕದಲ್ಲಿ ಊರು ನಾಲ್ಕೂ ದಿಕ್ಕಿಗೆ ಬೆಳೆಯುತ್ತಿತ್ತು. ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಇಬ್ಬರು ಮೂವರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಎಲ್ಲರದೂ ಮೂವತ್ತು-ನಲವತ್ತರ ಸೈಟು. ಎಲ್ಲರಿಗೂ ಅಷ್ಟರಲ್ಲೇ ಅರಮನೆ ಬೇಕು.

ಒಬ್ಬೊಬ್ಬರಿಗೂ ಎರಡೆರಡು ನಕ್ಷೆ ಬರೆಯುತ್ತಿದ್ದೆ. ಮೊದಲನೆಯದು ಕಾರ್ಪೊರೇಷನ್ ಆಫೀಸಿನ ಮಂಜೂರಾತಿಗೆ. ಅದರಲ್ಲಿ ನಿಯಮದ ಪ್ರಕಾರ ಎರಡೂ ಪಕ್ಕ ಮೂರು ಮೂರಡಿ ಖಾಲಿ, ಮುಂದೆ ಹಿಂದೆ ಇನ್ನಷ್ಟು ಖಾಲಿ, ನಡುವೆ ಅಚ್ಚುಕಟ್ಟಾದ ಮನೆ. ಮೊಹರು ಬಿದ್ದ ಮೇಲೆ ಅದು ಬೀರು ಸೇರುತ್ತಿತ್ತು. ಎರಡನೆಯದು ಮೇಸ್ತ್ರಿಗೆ. ಅದರಲ್ಲಿ ಮನೆ ಕೈಕಾಲು ಚಾಚಿ ಗಡಿಕಲ್ಲನ್ನು ಮುಟ್ಟುತ್ತಿತ್ತು. “ಆಫೀಸ್ ನಕ್ಷೆ ಬೇಡ ಸಾರ್, ಕಟ್ಟೋ ನಕ್ಷೆ ಕೊಡಿ” ಎನ್ನುತ್ತಿದ್ದರು ಮೇಸ್ತ್ರಿಗಳು. ನಾನು ಬರೆಯದಿದ್ದರೆ ಪಕ್ಕದ ಬೀದಿಯವನು ಬರೆದುಕೊಡುತ್ತಿದ್ದ. ಈ ಸಮಾಧಾನವನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಈಗ ಅದು ನೆನಪಾದರೆ ನನಗೇ ಆಕಳಿಕೆ ಬರುತ್ತದೆ.

ನಮ್ಮದೇ ಮನೆ ಕಟ್ಟುವ ಕಾಲ ಬಂದಾಗಲೂ ಎರಡು ನಕ್ಷೆ ಬರೆದೆ. ನನ್ನ ಹೆಂಡತಿ ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹಚ್ಚುತ್ತಿದ್ದಳು, ಬ್ಲೌಸ್ ಹೊಲಿಯುತ್ತಿದ್ದಳು. ಬಾಡಿಗೆ ಮನೆಯ ಕತ್ತಲೆ ನಡುಮನೆಯಲ್ಲಿ ಹೊಲಿದು ಹೊಲಿದು ಅವಳ ಕಣ್ಣು ಸೋತುಹೋಗಿತ್ತು.

“ನಂಗೆ ಬೇರೇನೂ ಬೇಡ ಕಣ್ರೀ. ಮಿಷಿನ್ ಪಕ್ಕ ಪೂರ್ವಕ್ಕೊಂದು ದೊಡ್ಡ ಕಿಟಕಿ ಇಡ್ಸಿ. ಟ್ಯೂಬ್‌ಲೈಟಲ್ಲಿ ದಾರದ ಬಣ್ಣ ಗೊತ್ತಾಗಲ್ಲ” ಎಂದಿದ್ದಳು.

ಕಿಟಕಿ ಇಡಿಸಿದೆ. ಆದರೆ ಆ ಪಕ್ಕದ ಮೂರಡಿಯನ್ನು ಬೆಕ್ಕು ಓಡಾಡುವುದಕ್ಕೆ ಬಿಡುವುದೇಕೆಂದು ಕೋಣೆಗೇ ಸೇರಿಸಿಬಿಟ್ಟೆ. ಗೋಡೆ ಗಡಿಯ ಮೇಲೇ ಎದ್ದಿತು. ಕಿಟಕಿಯ ಬಾಗಿಲು ತೆರೆದರೆ ಪಕ್ಕದವರ ಖಾಲಿ ಸೈಟಿನೊಳಕ್ಕೆ ಚಾಚಿಕೊಳ್ಳುತ್ತಿತ್ತು. ಆ ಸೈಟು ಎಂದೆಂದಿಗೂ ಖಾಲಿಯೇ ಇರುತ್ತದೆ ಎಂದು ಬೇರೆ ಯಾರಾದರೂ ನಂಬಿದ್ದರೆ ಕ್ಷಮಿಸಬಹುದು. ಖಾಲಿ ಸೈಟುಗಳನ್ನು ತುಂಬಿಸಿಯೇ ಅನ್ನ ತಿನ್ನುವ ನಾನು ನಂಬಿದ್ದೆ.

ಏಳೆಂಟು ವರ್ಷ ಅವಳು ಆ ಬೆಳಕಿನಲ್ಲಿ ಹೊಲಿದಳು. ಸೀರೆಯನ್ನು ಕಿಟಕಿಗೆ ಹಿಡಿದು, ಒಂದೊಂದೇ ದಾರದ ಉಂಡೆಯನ್ನು ಪಕ್ಕಕ್ಕಿಟ್ಟು ನೋಡುವಳು. ಹೊಲಿದ ಮೇಲೆ ದಾರ ಎಲ್ಲಿದೆ ಎಂದು ಹುಡುಕಬೇಕು, ಹಾಗಿರುತ್ತಿತ್ತು. ಯಾದವಗಿರಿಯ ಬಂಗಲೆಗಳಿಂದಲೂ ಸೀರೆಗಳು ಬರತೊಡಗಿದವು.

ಆಮೇಲೆ ಪಕ್ಕದ ಸೈಟಿನವರು ಬಂದರು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಚಿಕ್ಕವರು. ಶಿಫ್ಟ್ ಮುಗಿಸಿ ಊಟದ ಚೀಲದ ಸಮೇತ ನೇರ ನನ್ನ ಆಫೀಸಿಗೇ ಬಂದು, “ಪಕ್ಕದ ಮನೆಯೋರೇ ನಕ್ಷೆ ಬರೀವಾಗ ನಾನ್ಯಾಕೆ ಬೇರೆ ಕಡೆ ಹೋಗ್ಲಿ ಸಾರ್” ಎಂದರು. ಆಫೀಸ್ ನಕ್ಷೆ ಬರೆದುಕೊಟ್ಟೆ; ಮಂಜೂರಾಯಿತು. ತಿಂಗಳಾದ ಮೇಲೆ ಎರಡನೆಯದನ್ನು ಕೇಳಿದರು.

“ನಮ್ಮ ಕಡೆ ಮಾತ್ರ ಮೂರಡಿ ಬಿಟ್ಬುಡಿ. ನಮ್ಮನೆ ಕಿಟಕಿ ಇದೆ” ಎಂದೆ.

ಅವರು ಜಗಳಕ್ಕೆ ಬರಲಿಲ್ಲ. “ನೀವು ಬಿಟ್ಟಿದ್ರೆ ನಾನೂ ಬಿಡ್ತಿದ್ದೆ ಸಾರ್. ನಂಗೂ ಇಬ್ರು ಹೆಣ್ಮಕ್ಳು, ಅವ್ರಿಗೊಂದು ರೂಮು ಬೇಕಲ್ವಾ” ಎಂದರು, ಅಷ್ಟೇ.

ನನ್ನ ಹೆಂಡತಿಯ ಕಿಟಕಿಗೆ ಅಡ್ಡಗೆರೆಯನ್ನು ನಾನೇ ಎಳೆದೆ. ಸ್ಕೇಲ್ ಇಟ್ಟು, ನೆಟ್ಟಗೆ.

ಅವಳಿಗೆ ಹೇಳಲಿಲ್ಲ. ಪಾಯ ತೋಡುವುದನ್ನು ನೋಡಿ ಅವಳೇ ಗಾಬರಿಯಾದಳು. “ಮೂರಡಿ ಬಿಡ್ಬೇಕು ಅಂತ ರೂಲ್ಸ್ ಇದೆ ಅಂತ ನೀವೇ ಹೇಳ್ತಿದ್ರಲ್ರೀ. ಹೆಂಗೂ ದಿನಾ ಕಾರ್ಪೊರೇಷನ್ ಆಫೀಸಿಗೆ ಹೋಗ್ತೀರ, ಒಂದು ಅರ್ಜಿ ಕೊಟ್ಬನ್ನಿ.”

ಅರ್ಜಿ ಬರೆದುಕೊಂಡು ಹೋದೆ. ಅಲ್ಲಿನ ವಯಸ್ಸಾದ ಗುಮಾಸ್ತರು ನನ್ನನ್ನು ಬಹಳ ವರ್ಷದಿಂದ ಬಲ್ಲವರು. ಅರ್ಜಿ ಓದಿ, ಎದ್ದು ಹೋಗಿ, ಎರಡು ಫೈಲು ತಂದು ಮೇಜಿನ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟರು. ಒಂದು ಪಕ್ಕದವರ ಮನೆಯದು, ಒಂದು ನಮ್ಮದು. ಎರಡರಲ್ಲೂ ನನ್ನದೇ ಸಹಿ.

“ಅವ್ರ ಮನೆ ಅಳೆಯೋಕೆ ಬಂದೋರು ನಿಮ್ಮನೇನೂ ಅಳೀತಾರೆ ಕಣ್ರೀ. ಕಳಿಸ್ಲಾ ಒಳಕ್ಕೆ?” ಎಂದು ಮೆಲ್ಲಗೆ ಕೇಳಿದರು.

ಮಾಡಿದ್ದುಣ್ಣೋ ಮಹಾರಾಯ. ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಬಂದೆ. ಮನೆಯಲ್ಲಿ, “ಕೊಟ್ಟಿದ್ದೀನಿ, ಬಂದು ನೋಡ್ತಾರಂತೆ” ಎಂದೆ. ಅವಳು ನಂಬಿದಳು. ಬೀದಿಯಲ್ಲಿ ಜೀಪಿನ ಸದ್ದಾದರೆ ಸಾಕು, ಮಿಷಿನ್ ನಿಲ್ಲಿಸಿ ಬಾಗಿಲಿಗೆ ಹೋಗುತ್ತಿದ್ದಳು. ಅದನ್ನು ನೋಡುತ್ತ ಕಾಫಿ ಕುಡಿಯುವುದು ನನಗೆ ಸಾಕುಸಾಕಾಗಿತ್ತು.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದ ದಿನ ಪಕ್ಕದವರು ಬಂದು, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿ, “ಕಿಟಕಿ ಬಾಗ್ಲು ಬಿಚ್ಚಿಸ್ಕೊಂಬುಡಿ ಸಾರ್” ಎಂದರು. ಬಡಗಿ ಬಂದು ಬಿಚ್ಚಿದ. ಎರಡು ದಿನದಲ್ಲಿ ಕಂಬಿಗಳ ಹಿಂದೆ ಬರೀ ಇಟ್ಟಿಗೆ.

ಅಂದಿನಿಂದ ಅವಳು ದಾರ ಆರಿಸಬೇಕಾದಾಗಲೆಲ್ಲ ಸೀರೆ ಹೆಗಲ ಮೇಲೆ ಹಾಕಿಕೊಂಡು, ಉಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಗೇಟಿನ ಬಳಿ ಹೋಗಿ ಬಿಸಿಲಲ್ಲಿ ನಿಲ್ಲುತ್ತಾಳೆ. ಬಣ್ಣ ನೋಡಿ ಒಳಗೆ ಬರುತ್ತಾಳೆ. ಮತ್ತೆ ಅನುಮಾನ ಬಂದು ಹೊರಗೆ ಹೋಗುತ್ತಾಳೆ. ಮಳೆಗಾಲದಲ್ಲಿ ಗಾಢ ಬಣ್ಣದ ಸೀರೆಗಳನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ಅವಳು ಗೇಟಿನತ್ತ ಹೊರಟರೆ ನಾನು ಪೇಪರ್ ಮುಖಕ್ಕೆ ಹಿಡಿಯುತ್ತಿದ್ದೆ. ನಾಚಿಕೆ, ಬೇರೇನಲ್ಲ.

ಕೆಲವು ವರ್ಷಗಳ ನಂತರ, ನಿಯಮ ಮೀರಿದ ಮನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುತ್ತಾರಂತೆ ಎಂಬ ಮಾತೆದ್ದಿತು. ಬೀರುವಿನಿಂದ ನಮ್ಮ ಮನೆಯ ಮಂಜೂರಾದ ನಕ್ಷೆ ತೆಗೆಯಲು ಅವಳಿಗೆ ಹೇಳಿದೆ. ಆ ಅರ್ಜಿಯನ್ನೂ ಅದೇ ಫೈಲಿಗೆ ತುರುಕಿದ್ದು ಮರೆತುಹೋಗಿತ್ತು. ಅವಳು ಫೈಲನ್ನು ಗೇಟಿನ ಬಳಿಗೇ ಒಯ್ದು ಬಿಚ್ಚಿದಳು. ಅರ್ಜಿ ಓದಿದಳು. ಅದೇ ಮಡಿಕೆಗಳಲ್ಲಿ ಮಡಿಸಿ ಒಳಗಿಟ್ಟಳು. ಆಮೇಲೆ ನಕ್ಷೆಯನ್ನು ಹರಡಿ ಬಹಳ ಹೊತ್ತು ನೋಡಿದಳು. ಆಫೀಸ್ ನಕ್ಷೆಯನ್ನು ಅವಳು ನೋಡಿದ್ದು ಅದೇ ಮೊದಲು.

“ಇದ್ಯಾರ ಮನೆ?”

“ನಮ್ದೇ.”

ಕೋಣೆಯ ಗೆರೆಯ ಮೇಲೆ ಬೆರಳಾಡಿಸುತ್ತ ಕಿಟಕಿಯ ಗುರುತಿಗೆ ಬಂದಳು. ಅದರಾಚೆಯ ಮೂರಡಿ ಖಾಲಿಯ ಮೇಲೆ ಬೆರಳು ನಿಂತಿತು.

“ಈ ಕಿಟಕಿ ಪಕ್ಕ ಮಿಷಿನ್ ಸರಿಯಾಗಿ ಕೂರ್ತಿತ್ತು” ಎಂದಳು. “ಚೆನ್ನಾಗಿದೆ ಕಣ್ರೀ ಈ ಮನೆ. ಇದನ್ನೇ ಕಟ್ಬೋದಿತ್ತಲ್ಲ.”